ಹೊಸ ಊರಿಗೆ ಹೊರಡುವ ಮುನ್ನ ಬಂಡೆಯನ್ನೂ ನೋಡಿ

ಇಂಗ್ಲೆಂಡಿನಲ್ಲಿ ವೈದ್ಯವೃತ್ತಿಯಲ್ಲಿರುವ ನಮ್ಮಂಥವರಿಗೆ ಊರು ಬದಲಿಸುವುದು ಹೊಸತಲ್ಲ. ತರಬೇತಿಗೊಂದು ಊರು, ಕಾಯಂ ಹುದ್ದೆಗೊಂದು ಊರು. ಪ್ರತಿ ಸಲವೂ ನಾವು ಹಿಡಿದು ಹೊರಡುವ ಪಟ್ಟಿ ಒಂದೇ: ಶಾಲೆ ಹೇಗಿದೆ, ಮನೆಯ ಬೆಲೆ ಎಷ್ಟು, ಆಸ್ಪತ್ರೆ ಎಷ್ಟು ದೂರ, ಸೋನಾಮಸೂರಿ ಅಕ್ಕಿಯೂ ಕರಿಬೇವೂ ಸಿಗುವ ಅಂಗಡಿ ಇದೆಯೇ, ಕನ್ನಡದ ಮನೆಗಳು ಹತ್ತಿರದಲ್ಲಿವೆಯೇ. ಈ ಪಟ್ಟಿಯಲ್ಲಿ ತಪ್ಪೇನಿಲ್ಲ. ಆದರೆ ಅದು ಅಪೂರ್ಣವೆಂಬುದನ್ನು ನನಗೆ ಕಲಿಸಿದವಳು ನನ್ನ ಮಗಳು.

ನಾವು ಶೆಫೀಲ್ಡಿನಲ್ಲಿದ್ದಾಗ, ಒಂಬತ್ತರ ವಯಸ್ಸಿನಲ್ಲಿ ಗೆಳತಿಯೊಬ್ಬಳ ಹುಟ್ಟುಹಬ್ಬಕ್ಕೆಂದು ಒಳಾಂಗಣ ಕ್ಲೈಂಬಿಂಗ್ ಗೋಡೆಗೆ ಹೋದವಳು ಅದನ್ನು ಮತ್ತೆ ಬಿಡಲಿಲ್ಲ. ಬಿಸಿಲಿದ್ದ ಶನಿವಾರಗಳಲ್ಲಿ ಸ್ಟಾನೇಜ್ ಬಂಡೆಸಾಲಿಗೆ ಹೋಗುವುದು ಮನೆಯ ರೂಢಿಯಾಯಿತು. ಅವಳಿಗೆ ಹನ್ನೆರಡಾದಾಗ ನಾವು ನಾರ್ಫೋಕ್‌ನ ಒಂದು ಪಟ್ಟಣಕ್ಕೆ ಬಂದೆವು. ಒಳ್ಳೆಯ ಶಾಲೆ, ದೊಡ್ಡ ಮನೆ, ಸಮತಟ್ಟಾದ ನೆಲ. ನಿಜವಾದ ಬಂಡೆಯೆಂದರೆ ಕಾರಿನಲ್ಲಿ ಮೂರು ಗಂಟೆಗೂ ಮಿಗಿಲು. ಒಳಾಂಗಣ ಗೋಡೆಯೊಂದಿತ್ತು, ನಿಜ. ಆದರೆ ಸಂಜೆಯ ವಾಹನದಟ್ಟಣೆಯಲ್ಲಿ ಅಲ್ಲಿಗೆ ತಲುಪಲು ಮುಕ್ಕಾಲು ಗಂಟೆ ಬೇಕಿತ್ತು. ಮಕ್ಕಳ ತರಬೇತಿಗೆ ಸರದಿಯ ಪಟ್ಟಿಯಿತ್ತು. ನಾಲ್ಕು ತಿಂಗಳ ನಂತರ ಅವಳು ತನ್ನ ಕ್ಲೈಂಬಿಂಗ್ ಬೂಟುಗಳನ್ನು ಅಟ್ಟಕ್ಕೆ ಹಾಕಿದಳು. ಮಾತು ಕಡಿಮೆಯಾಯಿತು. ದಿನವೂ ರೋಗಿಗಳಿಗೆ “ವ್ಯಾಯಾಮ ಮಾಡುತ್ತೀರಾ?” ಎಂದು ಕೇಳುವ ನಾನು ಮನೆಯಲ್ಲಿ ಕೇಳಿರಲಿಲ್ಲ. ಕೊನೆಗೆ ಕೇಳಿದಾಗ ಅವಳು ಹೇಳಿದ್ದು ಇಷ್ಟೇ: “ಮನೆ ನೋಡೋಕೆ ನೀವಿಬ್ರೂ ಮೂರು ಸಲ ಬಂದ್ರಿ. ಗೋಡೆ ನೋಡೋಕೆ ಒಂದು ಸಲಾನೂ ಹೋಗ್ಲಿಲ್ಲ ಅಪ್ಪಾ.”

“ಹವ್ಯಾಸಕ್ಕಾಗಿ ಊರು ಆರಿಸುವುದುಂಟೇ?” ಎಂದು ಮಿತ್ರರು ಕೇಳುತ್ತಾರೆ. ಗ್ರಾಮರ್ ಶಾಲೆಯ ಆಸೆಗಾಗಿ ಮನೆ ಬದಲಿಸುವವರನ್ನು ನಾವು ಹಾಗೆ ಕೇಳುವುದಿಲ್ಲ. ಐದರಿಂದ ಹದಿನೆಂಟು ವರ್ಷದ ಮಕ್ಕಳಿಗೆ ವಾರದ ಸರಾಸರಿಯಲ್ಲಿ ದಿನಕ್ಕೆ 60 ನಿಮಿಷಗಳ ದೈಹಿಕ ಚಟುವಟಿಕೆ ಬೇಕೆಂಬುದು ಈ ದೇಶದ ಮುಖ್ಯ ವೈದ್ಯಾಧಿಕಾರಿಗಳ ಸಲಹೆ. ಯಾರೂ ತಳ್ಳದೆ ಮಗು ತಾನಾಗಿಯೇ ಓಡಿಹೋಗುವ ಚಟುವಟಿಕೆ ಮಾತ್ರ ಹದಿಹರೆಯವನ್ನು ದಾಟಿ ಉಳಿಯುತ್ತದೆ ಎಂಬುದು ನನ್ನ ಅನುಭವ. ಚಿತ್ರದುರ್ಗದಲ್ಲಿರುವ ನನ್ನ ತಾಯಿ, “ಹೆಣ್ಣುಮಗೂಗೆ ಬಂಡೆ ಹತ್ತೋದ್ಯಾಕಪ್ಪಾ?” ಎಂದರು. ಅವರ ಊರಿನ ಕೋಟೆಗೋಡೆಯನ್ನೇ ಜ್ಯೋತಿರಾಜ್ ಬರಿಗೈಯಲ್ಲಿ ಹತ್ತುವುದನ್ನು ನೆನಪಿಸಿದೆ, ನಕ್ಕು ಸುಮ್ಮನಾದರು. ಬಾದಾಮಿಯ ಮರಳುಗಲ್ಲಿಗೂ ರಾಮನಗರದ ಬೆಟ್ಟಗಳಿಗೂ ಆರೋಹಿಗಳು ಬರುತ್ತಲೇ ಇದ್ದಾರೆ. ಇದು ನಮಗೆ ಪರಕೀಯವಾದ ಶೋಕಿಯಲ್ಲ.

ಹಾಗಾದರೆ ಹೊಸ ಊರನ್ನು ಅಳೆಯುವುದು ಹೇಗೆ? ನನ್ನ ತಪ್ಪಿನಿಂದ ಕಲಿತದ್ದನ್ನು ಹೇಳುತ್ತೇನೆ.

ಮೊದಲನೆಯದಾಗಿ, ಮೈಲಿಗಳನ್ನಲ್ಲ, ಸಮಯವನ್ನು ಎಣಿಸಬೇಕು. ಭಾನುವಾರ ಬೆಳಗ್ಗೆ ಅಲ್ಲ, ಮಂಗಳವಾರ ಸಂಜೆ ಆರಕ್ಕೆ ಮನೆಯಿಂದ ಗೋಡೆಯವರೆಗೆ ಒಮ್ಮೆ ಹೋಗಿಬರಬೇಕು. ರೈಲು ಅಥವಾ ಬಸ್ಸು ಇದ್ದರೆ ಮಗು ಬೆಳೆದಂತೆ ತಾನೇ ಹೋಗಬಲ್ಲದು.

ಎರಡನೆಯದಾಗಿ, ನಕ್ಷೆಯಲ್ಲಿ ಬಂಡೆಯಿದ್ದರೆ ಸಾಲದು, ಅದು ಎಂಥ ಬಂಡೆ ಎಂಬುದು ಮುಖ್ಯ. ಸ್ಟಾನೇಜ್ ಸುಮಾರು 6 ಕಿಲೋಮೀಟರ್ ಉದ್ದದ ಒರಟು ಗ್ರಿಟ್‌ಸ್ಟೋನ್. ಸಾವಿರಕ್ಕೂ ಹೆಚ್ಚು ಆರೋಹಣ ಮಾರ್ಗಗಳಿವೆ, ಅವುಗಳಲ್ಲಿ ಆರಂಭಿಕರಿಗೆ ತಕ್ಕವೂ ಹೇರಳ. ಗಾಳಿಗೆ ತೆರೆದುಕೊಂಡಿರುವುದರಿಂದ ಮಳೆಯ ನಂತರ ಬೇಗ ಒಣಗುತ್ತದೆ. ಚಳಿಯಲ್ಲಿ ಹಿಡಿತ ಇನ್ನೂ ಬಿಗಿ. ದಕ್ಷಿಣದಲ್ಲಿ ಕೆಂಟ್ ಮತ್ತು ಸಸೆಕ್ಸ್ ಗಡಿಯ ಹ್ಯಾರಿಸನ್ಸ್ ರಾಕ್ಸ್ ಮೃದುವಾದ ಮರಳುಗಲ್ಲು. ಒದ್ದೆಯಾಗಿದ್ದಾಗ ಹತ್ತಿದರೆ ಹಿಡಿಗಳೇ ಮುರಿಯುತ್ತವೆ, ಆದ್ದರಿಂದ ಹತ್ತಬಾರದು. ಎರಡೂ ಊರುಗಳವರು “ಹತ್ತಿರದಲ್ಲೇ ಬಂಡೆಯಿದೆ” ಎನ್ನಬಹುದು. ಆದರೆ ವರ್ಷದಲ್ಲಿ ಕೈಗೆ ದಕ್ಕುವ ದಿನಗಳು ಬೇರೆ ಬೇರೆ. ಹಕ್ಕಿಗಳು ಗೂಡು ಕಟ್ಟುವ ಋತುವಿನಲ್ಲಿ ಕೆಲವು ಬಂಡೆಗಳ ಭಾಗಗಳಿಗೆ ನಿರ್ಬಂಧವಿರುತ್ತದೆ. ಬ್ರಿಟಿಷ್ ಮೌಂಟನೀರಿಂಗ್ ಕೌನ್ಸಿಲ್ ಆ ಮಾಹಿತಿಯನ್ನು ಪ್ರಕಟಿಸುತ್ತದೆ.

ಮೂರನೆಯದಾಗಿ, ಒಳಾಂಗಣ ಗೋಡೆಯ ಬಳಿ ಒಂದು ಗಂಟೆ ಸುಮ್ಮನೆ ಕುಳಿತು ನೋಡಿ. ಅಲ್ಲಿ ಹಗ್ಗದ ಆರೋಹಣವಿದೆಯೇ, ಬರಿಯ ಬೌಲ್ಡರಿಂಗ್ ಮಾತ್ರವೇ? ಹಗ್ಗವಿಲ್ಲದ ಬೌಲ್ಡರಿಂಗಿನಲ್ಲಿ ಪ್ರತಿ ಬೀಳುವಿಕೆಯೂ ಚಾಪೆಯವರೆಗೆ. ಕಣಕಾಲು, ಮಣಿಕಟ್ಟು ಜೋಪಾನ. ಮಕ್ಕಳ ತಂಡದಲ್ಲಿ ಈಗ ಜಾಗವಿದೆಯೇ? ಹೊಸ ಮಗುವನ್ನು ಯಾರಾದರೂ ಹೆಸರು ಕೇಳಿ ಮಾತನಾಡಿಸುತ್ತಾರೆಯೇ? ಹಗ್ಗ ಹಿಡಿಯಲು ಜೊತೆಗಾರರು ಬೇಕೇ ಬೇಕು. ಜನವಿಲ್ಲದ ಬಂಡೆ ಮಗುವಿಗೆ ಉಪಯೋಗಕ್ಕೆ ಬಾರದು.

ವೈದ್ಯನಾಗಿ ಒಂದು ಮಾತು. ಬೆಳೆಯುವ ಮಕ್ಕಳ ಬೆರಳಿನ ಮೂಳೆಗಳಲ್ಲಿ ಬೆಳವಣಿಗೆಯ ಫಲಕಗಳು ಇನ್ನೂ ಮೃದುವಾಗಿರುತ್ತವೆ. ಅತಿಯಾದ ಒತ್ತಡದಿಂದ ಅವು ಬಿರುಕು ಬಿಡಬಲ್ಲವು. ಬೆರಳಿನ ನಡುಗೆಣ್ಣಿನ ನೋವು ಹೋಗದಿದ್ದರೆ ಹತ್ತುವುದನ್ನು ನಿಲ್ಲಿಸಿ ವೈದ್ಯರಿಗೆ ತೋರಿಸಿ. ಹದಿಮೂರರ ಮಗುವನ್ನು ಬೆರಳತುದಿಯಲ್ಲಿ ಜೋತಾಡಿಸಿ, ಹಲಗೆಯಿಂದ ಹಲಗೆಗೆ ನೆಗೆಸುವ ತರಬೇತುದಾರರಿದ್ದರೆ ಆ ಕೇಂದ್ರವನ್ನು ಬಿಟ್ಟು ಮುಂದೆ ಹೋಗಿ. ಬೆಟ್ಟದಲ್ಲಿ ಅವಘಡವಾದರೆ 999ಕ್ಕೆ ಕರೆ ಮಾಡಿ ಮೊದಲು ಪೊಲೀಸರನ್ನೂ ಅನಂತರ ಮೌಂಟನ್ ರೆಸ್ಕ್ಯೂವನ್ನೂ ಕೇಳಬೇಕೆಂಬುದು ಮನೆಮಂದಿಗೆಲ್ಲ ತಿಳಿದಿರಲಿ.

ಈ ವರ್ಷ ಲೀಡ್ಸ್ ಕಡೆಯಿಂದ ಹುದ್ದೆಯೊಂದು ಒದಗಿತು. ಈ ಸಲ ಮೊದಲು ಹೋದದ್ದು ಮನೆ ನೋಡಲಿಕ್ಕಲ್ಲ. ಮಗಳೊಡನೆ ರೈಲಿನಲ್ಲಿ ಇಲ್ಕ್ಲಿಗೆ ಹೋಗಿ, ನಿಲ್ದಾಣದಿಂದ ನಡೆದೇ ಕೌ ಅಂಡ್ ಕಾಫ್ ಬಂಡೆಗಳನ್ನು ತಲುಪಿದೆವು. ಅವಳು ಕಲ್ಲಿನ ಮೇಲೆ ಅಂಗೈಯೂರಿ ಬಹಳ ಹೊತ್ತು ನಿಂತಿದ್ದಳು. ಅಲ್ಲಿ ನಮಗೆ ಸಿಗುವ ಮನೆ ಈಗಿನದಕ್ಕಿಂತ ಚಿಕ್ಕದು, ಸಾಲ ತುಸು ಹೆಚ್ಚು. ನಾನೂ ನನ್ನ ಪತ್ನಿಯೂ ಒಪ್ಪಿದ್ದೇವೆ. ಬೂಟುಗಳನ್ನು ಅಟ್ಟದಿಂದ ಇಳಿಸಿದಾಗ ಅವು ಅವಳ ಕಾಲಿಗೆ ಎರಡು ಅಳತೆ ಚಿಕ್ಕವಾಗಿದ್ದವು. ಕಳೆದ ಆ ಕಾಲವನ್ನು ನಾನು ಹಿಂದಿರುಗಿಸಲಾರೆ.

ನಿಮ್ಮ ಮಕ್ಕಳದು ಬಂಡೆಯಲ್ಲದೆ ಈಜು, ವೀಣೆ, ಚದುರಂಗವೂ ಇರಬಹುದು. ಊರು ಬದಲಿಸುವ ಮುನ್ನ ಪಟ್ಟಿಯ ಒಂದು ಸಾಲನ್ನು ಅವರ ಕೈಯಿಂದಲೇ ಬರೆಸಿ. ಮನೆಯನ್ನು ನೋಡುವಷ್ಟೇ ಶ್ರದ್ಧೆಯಿಂದ ಅದನ್ನೂ ಹೋಗಿ ನೋಡಿ ಬನ್ನಿ.