‘ಸಾಧಿಸು’ ಎಂದರೆ ಸಾಲದು

ಇಂಗ್ಲಿಷಿನ ‘ಪುಲ್ ಆಫ್’ ಎಂಬ ನುಡಿಕಟ್ಟಿಗೆ ‘ಸಾಧಿಸು, ಯಶಸ್ವಿಯಾಗು’ ಎಂದು ಅರ್ಥ ಬರೆಯಿಸಿ, ಬಾಯಿಪಾಠ ಮಾಡಿಸಿ, ಕೈತೊಳೆದುಕೊಳ್ಳುವ ಕ್ರಮವೊಂದು ಪಾಠಶಾಲೆಗಳಲ್ಲಿ ಬೇರೂರಿದೆ. ಅದು ಅರ್ಥವಲ್ಲ, ಅರ್ಧಾರ್ಥ. ‘ಪುಲ್’ ಎಂದರೆ ಎಳೆ, ‘ಆಫ್’ ಎಂದರೆ ಆಚೆಗೆ. ಇವೆರಡನ್ನೂ ಕೂಡಿಸಿದರೆ ಕಾಲುಚೀಲವನ್ನು ಕಳಚುವುದು ತಿಳಿದೀತೇ ಹೊರತು ಜಯವು ತಿಳಿಯದು. ಜಯಾರ್ಥದಲ್ಲಿಯೂ ಅದು ಬರಿಯ ಜಯವಲ್ಲ. ಆಗಲಾರದೆಂದು ಹತ್ತು ಮಂದಿ ತಲೆಯಲ್ಲಾಡಿಸಿದ್ದನ್ನು ಮಾಡಿ ತೋರಿಸುವುದೇ ಅದರ ಹುರುಳು. ಸಂದೇಹವಿಲ್ಲದೆಡೆಯಲ್ಲಿ ಆ ಮಾತಿಗೆ ಕೆಲಸವಿಲ್ಲ.

ಪೀಣ್ಯದ ಮಗ್ಗುಲಿನ ರಾಜಗೋಪಾಲನಗರದ ತರುಣನೊಬ್ಬನು ಉದ್ಯೋಗಕ್ಕೆ ಅರ್ಜಿ ಬರೆಯುತ್ತಿರುವನೆಂದು ಭಾವಿಸಿರಿ. ಲೇತಿನ ಕೆಲಸವನ್ನು ಬಲ್ಲವನು, ಐ.ಟಿ.ಐ. ಪರೀಕ್ಷೆಯಲ್ಲಿ ಒಳ್ಳೆಯ ಅಂಕಗಳಿಂದ ತೇರ್ಗಡೆಯಾದವನು. ಕಲಿತ ಟಿಪ್ಪಣಿಯನ್ನು ನಂಬಿ, ಆ ಪರೀಕ್ಷೆಯನ್ನು ತಾನು ‘ಪುಲ್ಡ್ ಆಫ್’ ಎಂದು ಬರೆದನೋ, ಓದಿದ ಅಧಿಕಾರಿಗೆ ಹೊಳೆಯುವುದೇನು? ಇವನಿಂದ ಆಗುವಂತಿರಲಿಲ್ಲ, ಹೇಗೋ ಆಯಿತು ಎಂದು! ದುಡಿದು ಗಳಿಸಿದ ಯೋಗ್ಯತೆಗೆ ಕೈಯಾರೆ ಮಸಿ ಬಳಿದುಕೊಂಡಂತಾಯಿತು. ತಪ್ಪು ಹುಡುಗನದಲ್ಲ, ಟಿಪ್ಪಣಿ ಕೊಟ್ಟವರದು.

ಈ ಭಾವಕ್ಕೆ ಕನ್ನಡದಲ್ಲಿ ಪದವೇ ಇಲ್ಲವೆಂದು ಗೊಣಗುವ ಪಂಡಿತರೂ ಉಂಟು. ನಾಮಪದಗಳ ರಾಶಿಯಲ್ಲಿ ಹುಡುಕಿದರೆ ಸಿಕ್ಕದು, ನಿಜ. ಅದು ಅಡಗಿರುವುದು ಕ್ರಿಯಾರೂಪದಲ್ಲಿ. ೧೯೦೨ರಲ್ಲಿ ಶಿವನಸಮುದ್ರದ ವಿದ್ಯುತ್ತನ್ನು ೯೦ ಮೈಲಿಗೂ ಮಿಕ್ಕ ದೂರದಲ್ಲಿದ್ದ ಕೋಲಾರದ ಚಿನ್ನದ ಗಣಿಗಳಿಗೆ ಹರಿಸಲಾಯಿತು. ‘ಒಯ್ದರು’ ಎಂದರೆ ಅದು ವರದಿ. ‘ಒಯ್ದೇಬಿಟ್ಟರು’ ಎಂದರೆ ಎದೆಗಾರಿಕೆಯೂ ಕಾಣುತ್ತದೆ, ಆಗದೆನ್ನುವವರ ಮುಖವೂ ಕಣ್ಣಿಗೆ ಕಟ್ಟುತ್ತದೆ. ಆ ಏಕಾರ, ಆ ‘ಬಿಡು’ – ‘ಪುಲ್ ಆಫ್’ ಎಂಬುದು ಇಷ್ಟೇ. ‘ಬಿದ್ದುಬಿಟ್ಟ’ ಎಂಬಲ್ಲಿ ಅದೇ ‘ಬಿಡು’ ಅನಿಷ್ಟವನ್ನು ಹೇಳುವುದಲ್ಲವೇ ಎಂದು ಆಕ್ಷೇಪಿಸಬಹುದು; ಅದಕ್ಕೆಂದೇ ಏಕಾರವು ಬೇಕು. ‘ಗಿಟ್ಟಿಸು’ ಎಂಬುದರಲ್ಲಿ ಉಪಾಯದ ವಾಸನೆಯಿದೆ, ‘ಕೈಗೂಡು’ ಎಂಬುದರಲ್ಲಿ ದೈವದ ನೆರಳಿದೆ. ಎರಡೂ ಹತ್ತಿರದವು, ಎರಡೂ ಅದಲ್ಲ. ಅಡುಗೆಮನೆಯ ಅಜ್ಜಿಯೂ ದಿನಕ್ಕೆ ಹತ್ತು ಸಲ ಆಡುವ ‘ಮಾಡಿಯೇಬಿಟ್ಟ’ ಎಂಬ ರೂಪವನ್ನು ಬದಿಗೊತ್ತಿ ಸಂಸ್ಕೃತದ ‘ಯಶಸ್ಸ’ನ್ನು ಎರವು ತರುವ ಬಡತನವು ಕನ್ನಡಕ್ಕೆ ಎಂದು ಬಂದಿತೋ!

ಇನ್ನುಳಿದದ್ದು ಪದಗಳ ಸ್ಥಾನ. ಸರ್ವನಾಮವು ನಡುವೆ ನಿಲ್ಲಬೇಕು: ‘ಪುಲ್ಡ್ ಇಟ್ ಆಫ್’ ಸರಿ, ‘ಪುಲ್ಡ್ ಆಫ್ ಇಟ್’ ತಪ್ಪು. ನಾಮಪದವಾದರೆ ನಡುವೆಯೂ ಬಂದೀತು, ಕೊನೆಗೂ ಬಂದೀತು. ಇದಿಷ್ಟನ್ನು ಕಲಿಸಲು ಕಾಲು ಗಂಟೆ ಸಾಕು. ಆ ಕಾಲು ಗಂಟೆಯನ್ನು ಉಳಿಸಿ ಬಾಯಿಪಾಠದಲ್ಲಿ ವರ್ಷಗಳನ್ನು ಕಳೆಯಿಸುತ್ತಿದ್ದಾರೆ.