ಟೊಯೋಟಾ ಬೆಲೆಪಟ್ಟಿಯಲ್ಲಿ ಟ್ಯಾಕ್ಸಿಯವರಿಗೆ ಜಾಗ ಎಲ್ಲಿದೆ?

ಟೊಯೋಟಾ ಕಿರ್ಲೋಸ್ಕರ್ ಕಂಪನಿಯ ಇವತ್ತಿನ ಬೆಲೆಪಟ್ಟಿಯನ್ನು ಮೇಲಿಂದ ಕೆಳಗೆ ಓದಿದರೆ ಎರಡು ಕಂಪನಿಗಳ ಪಟ್ಟಿ ಓದಿದ ಹಾಗಾಗುತ್ತದೆ. ಗ್ಲಾಂಝಾ ಸುಮಾರು 6.4 ಲಕ್ಷದಿಂದ, ಟೈಸರ್ 7.2 ಲಕ್ಷದಿಂದ, ರೂಮಿಯಾನ್ ಹತ್ತೂವರೆ ಲಕ್ಷದ ಆಸುಪಾಸಿನಿಂದ ಶುರು. ಈ ಮೂರೂ ಬಲೆನೊ, ಫ್ರಾಂಕ್ಸ್, ಎರ್ಟಿಗಾಗಳೇ. ಮಾರುತಿ ಸುಜುಕಿ ಕಾರ್ಖಾನೆಗಳಲ್ಲಿ ತಯಾರಾಗಿ, ಟೊಯೋಟಾ ಲಾಂಛನ ಅಂಟಿಸಿಕೊಂಡು ಬರುತ್ತವೆ. ಟೊಯೋಟಾದ್ದೇ ಸ್ವಂತ ವಿನ್ಯಾಸದ ಕಾರು ಬೇಕು ಅಂದ್ರೆ ಮೆಟ್ಟಿಲು ನೇರ 18 ಲಕ್ಷಕ್ಕೆ ಹೋಗಿ ನಿಲ್ಲುತ್ತದೆ. ಇನ್ನೋವಾ ಹೈಕ್ರಾಸ್ ಸುಮಾರು 18 ಲಕ್ಷ, ಡೀಸೆಲ್ ಕ್ರಿಸ್ಟಾ 18.7 ಲಕ್ಷ, ಹೈಲಕ್ಸ್ 28, ಫಾರ್ಚುನರ್ 34 ಲಕ್ಷದ ಹತ್ತಿರ. ಆಮೇಲೆ ಕ್ಯಾಮ್ರಿ, ವೆಲ್‌ಫೈರ್, ಲ್ಯಾಂಡ್ ಕ್ರೂಸರ್. ಅವು ನಮ್ಮ ಲೆಕ್ಕಕ್ಕೆ ಬರೋಲ್ಲ ಬಿಡಿ. (ಇಲ್ಲಿ ಹೇಳಿದ್ದೆಲ್ಲ ಶೋರೂಂ ಬೆಲೆ, 2025ರ ಸೆಪ್ಟೆಂಬರ್ ಜಿಎಸ್‌ಟಿ ಇಳಿಕೆಯ ನಂತರದ್ದು.)

ಈ ನಡುವಿನ ಖಾಲಿ ಜಾಗ ಮೊದಲು ಖಾಲಿ ಇರಲಿಲ್ಲ. ಬಿಡದಿಯಿಂದ 2000ದಲ್ಲಿ ಕ್ವಾಲಿಸ್ ಬಂತು, 2005ರಲ್ಲಿ ಇನ್ನೋವಾ. 2010ರ ಕೊನೆಗೆ ಎಟಿಯೋಸ್ ಬಂದಾಗ ಅದರ ಆರಂಭಿಕ ಬೆಲೆ 4.96 ಲಕ್ಷ. ಒಳಗೆ ಅಗ್ಗದ ಪ್ಲಾಸ್ಟಿಕ್, ನೋಡೋಕೆ ಏನೂ ಇಲ್ಲ ಅಂತ ಬೈದವರೇ ಹೆಚ್ಚು, ನನ್ನ ಕಾಲೇಜಿನ ಮೆಕ್ಯಾನಿಕಲ್ ಗೆಳೆಯರೂ ಸೇರಿ. ಆದರೆ ಮಲೆನಾಡಿನ ಟ್ಯಾಕ್ಸಿ ಸ್ಟ್ಯಾಂಡ್‌ಗಳು ಅದನ್ನು ಬೇರೆ ಕಣ್ಣಿಂದ ನೋಡಿದವು. 2020ರಲ್ಲಿ ಬಿಎಸ್-6 ನಿಯಮ ಬಂದಾಗ ಕಂಪನಿ ಎಟಿಯೋಸ್ ನಿಲ್ಲಿಸಿತು. ಅದರ ಜಾಗಕ್ಕೆ ತನ್ನದೇ ಇನ್ನೊಂದು ಸೆಡಾನ್ ತರಲಿಲ್ಲ.

ತ್ಯಾವರೆಕೊಪ್ಪದ ಹುಲಿ-ಸಿಂಹಧಾಮದ ಮುಂದೆ ರಜೆ ದಿನ ನಿಂತು ನೋಡಿ. ಸಾಗರ ರಸ್ತೆಯಲ್ಲಿ ಜೋಗಕ್ಕೆ ಹೋಗೋ ಬಾಡಿಗೆ ಗಾಡಿಗಳು ಇಲ್ಲಿ ಒಂದು ಸುತ್ತು ಹಾಕಿಯೇ ಮುಂದೆ ಹೋಗುವುದು. ಹಳೇ ಇನ್ನೋವಾ, ಹಳೇ ಎಟಿಯೋಸ್ ಇನ್ನೂ ಓಡ್ತಿವೆ. ಸಫಾರಿಗೆ ಹೋದವರನ್ನು ಕಾಯುತ್ತಿದ್ದ ಡ್ರೈವರ್ ಒಬ್ಬರನ್ನು ಹೊಸ ಗಾಡಿ ಯಾವಾಗ ಅಂತ ಕೇಳಿದೆ. "ಹೊಸ ಇನ್ನೋವಾ ತಗೊಂಡ್ರೆ ಕಂತು ಕಟ್ಟೋಕೆ ಸೀಸನ್ ಸಾಕಾಗಲ್ಲ. ಮಳೆಗಾಲದಲ್ಲಿ ಜೋಗದವರು, ಡಿಸೆಂಬರ್‌ನಲ್ಲಿ ಶಾಲೆ ಮಕ್ಕಳ ಟೂರು. ಮಿಕ್ಕ ತಿಂಗಳು ಬ್ಯಾಂಕ್‌ನವರಿಗೆ ಏನು ಹೇಳ್ಲಿ?" ಅಂದರು.

ಅವರ ಮಾತನ್ನು ಅಂಕಿಯಲ್ಲಿ ಇಟ್ಟು ನೋಡೋಣ. 16 ಲಕ್ಷ ಸಾಲ, ಶೇ 10 ಬಡ್ಡಿ, ಐದು ವರ್ಷ ಅಂದರೆ ತಿಂಗಳ ಕಂತು ಸುಮಾರು 34 ಸಾವಿರ. ಡೀಸೆಲ್, ವಿಮೆ, ಟೈರು ಎಲ್ಲ ಆಮೇಲೆ.

ಕಂಪನಿ ಕೊಡುವ ಉತ್ತರ ಹೈಬ್ರಿಡ್. ಎಂಜಿನಿಯರಿಂಗ್ ಓದಿದವನಾಗಿ ಆ ತಂತ್ರಜ್ಞಾನದ ಬಗ್ಗೆ ನನಗೆ ತಕರಾರಿಲ್ಲ, ನಿಜವಾಗಿ ಒಳ್ಳೇ ಕೆಲಸ ಅದು. ಬ್ರೇಕ್ ಹಾಕಿದಾಗ ಬಿಸಿಯಾಗಿ ಹಾಳಾಗುವ ಶಕ್ತಿಯನ್ನು ಮೋಟಾರು ಹಿಡಿದು ಬ್ಯಾಟರಿಗೆ ತುಂಬುತ್ತದೆ, ನಿಧಾನಕ್ಕೆ ಹೋಗುವಾಗ ಎಂಜಿನ್ ಆಫ್ ಆಗಿರುತ್ತದೆ. ಹಾಗಾಗಿ ಲಾಭ ಹೆಚ್ಚು ಸಿಗುವುದು ನಿಂತು ನಿಂತು ಹೋಗುವ ಪೇಟೆಯಲ್ಲಿ. ಒಂದೇ ವೇಗದ ಹೆದ್ದಾರಿಯಲ್ಲಿ ಅದು ಕಮ್ಮಿಯಾಗುತ್ತದೆ.

ಹೈರೈಡರ್ ತಗೊಳ್ಳಿ. ಸುಜುಕಿ ತಳಹದಿ, ಟೊಯೋಟಾ ಹೈಬ್ರಿಡ್ ಯಂತ್ರ, ತಯಾರಾಗುವುದು ಬಿಡದಿಯಲ್ಲೇ. ಸಾದಾ ಪೆಟ್ರೋಲ್ 11 ಲಕ್ಷದ ಹತ್ತಿರ ಶುರುವಾದರೆ ಹೈಬ್ರಿಡ್ ಹದಿನಾರೂವರೆ ಲಕ್ಷದ ಹತ್ತಿರ. ಸೌಲಭ್ಯ ಸರಿಸಮ ಇರುವ ಆಟೊಮ್ಯಾಟಿಕ್ ಪೆಟ್ರೋಲ್ ಜೊತೆ ಹೋಲಿಸಿದರೆ ವ್ಯತ್ಯಾಸ ಸುಮಾರು 3 ಲಕ್ಷ, ರಸ್ತೆ ತೆರಿಗೆ ಸೇರಿ ಮೂರೂವರೆ. ಅಧಿಕೃತ ಮೈಲೇಜ್ 27.97 ಕಿ.ಮೀ. ರಸ್ತೆಯಲ್ಲಿ 22 ಸಿಗುತ್ತೆ, ಪೆಟ್ರೋಲ್‌ಗೆ 15 ಅಂತ ಹಿಡಿಯಿರಿ. ಲೀಟರಿಗೆ 103 ರೂಪಾಯಿ. ವರ್ಷಕ್ಕೆ 15,000 ಕಿ.ಮೀ. ಓಡಿಸುವ ಮೇಷ್ಟರಿಗೋ ಬ್ಯಾಂಕ್ ನೌಕರರಿಗೋ ಉಳಿತಾಯ 33 ಸಾವಿರ. ಕೊಟ್ಟ ಹೆಚ್ಚುವರಿ ದುಡ್ಡು ವಾಪಸ್ ಬರೋಕೆ ಹತ್ತು ವರ್ಷ ದಾಟುತ್ತದೆ. 60,000 ಕಿ.ಮೀ. ಓಡಿಸುವ ಟ್ಯಾಕ್ಸಿಯವರಿಗೆ ಮೂರು ವರ್ಷದೊಳಗೆ ಬಂದುಬಿಡುತ್ತದೆ. ಅಂದರೆ ಹೈಬ್ರಿಡ್ ಯಾರಿಗೆ ನಿಜವಾಗಿ ಲಾಭವೋ ಅವರ ಹತ್ತಿರ ಮೊದಲೇ ಸುರಿಯುವಷ್ಟು ದುಡ್ಡಿಲ್ಲ. ಹೈರೈಡರ್‌ನಲ್ಲಿ ಐದೇ ಸೀಟು ಬೇರೆ. ಏಳು ಜನ ಕೂರಬೇಕಾದರೆ ಹೈಬ್ರಿಡ್ ಹೈಕ್ರಾಸ್, ಅದು 25 ಲಕ್ಷದ ಹತ್ತಿರದ ಮಾತು.

ಇನ್ನು ಜಿಎಸ್‌ಟಿ. 2025ರ ಸೆಪ್ಟೆಂಬರ್ 22ರಿಂದ ಚಿಕ್ಕ ಕಾರಿಗೆ ಶೇ 18, ದೊಡ್ಡದಕ್ಕೆ ಸೆಸ್ ಇಲ್ಲದೆ ಶೇ 40 ಆಯಿತು. ಆಗ ಕಂಪನಿ ಘೋಷಿಸಿದ ಇಳಿಕೆಯಲ್ಲಿ ಫಾರ್ಚುನರ್‌ಗೆ ಗರಿಷ್ಠ 3.49 ಲಕ್ಷ, ಗ್ಲಾಂಝಾಗೆ ಗರಿಷ್ಠ 85 ಸಾವಿರ. ಏಳು ಸೀಟಿನ ಅಗ್ಗದ ಗಾಡಿ ರೂಮಿಯಾನ್‌ಗೆ? 48 ಸಾವಿರ ಚಿಲ್ಲರೆ. ಉದ್ದ ನಾಲ್ಕು ಮೀಟರ್ ದಾಟಿದ್ದಕ್ಕೆ ಅದು ಫಾರ್ಚುನರ್ ಜೊತೆ ಶೇ 40ರ ಸಾಲಿಗೇ ಹೋಯಿತು. ದುಡಿಮೆಯ ಗಾಡಿಯನ್ನೂ ಷೋಕಿಯ ಗಾಡಿಯನ್ನೂ ಟೇಪು ಹಿಡಿದು ಅಳೆಯುವ ಈ ಪದ್ಧತಿ ನನಗಂತೂ ಅರ್ಥವಾಗಿಲ್ಲ.

ತೆರಿಗೆ ವಿಷಯ ಕಂಪನಿಯೂ ಎತ್ತಿತ್ತು. 2020ರಲ್ಲಿ ಅದರ ಉಪಾಧ್ಯಕ್ಷರಾಗಿದ್ದ ಶೇಖರ್ ವಿಶ್ವನಾಥನ್, ಇಷ್ಟು ತೆರಿಗೆ ಇದ್ದರೆ ಭಾರತದಲ್ಲಿ ವಿಸ್ತರಣೆ ಇಲ್ಲ ಎಂಬರ್ಥದಲ್ಲಿ ಮಾತಾಡಿದ್ದು ದೊಡ್ಡ ಸುದ್ದಿಯಾಗಿತ್ತು. ಆಮೇಲೆ ವಿಸ್ತರಣೆ ಬಂತು: 2023ರಲ್ಲಿ ಬಿಡದಿಗೆ 3,300 ಕೋಟಿಯ ಮೂರನೇ ಘಟಕ, 2024ರಲ್ಲಿ ಮಹಾರಾಷ್ಟ್ರದ ಛತ್ರಪತಿ ಸಂಭಾಜಿನಗರಕ್ಕೆ ಸುಮಾರು 20,000 ಕೋಟಿಯ ಒಪ್ಪಂದ. ಎರಡು ಅಂಕಿಗಳ ನಡುವಿನ ಅಂತರವನ್ನು ವಿಧಾನಸೌಧದವರು ಗಮನಿಸಿರಬೇಕು ಅಂದುಕೊಳ್ಳುತ್ತೇನೆ.

ಜಿಎಸ್‌ಟಿ ದೆಹಲಿಯದ್ದು, ಆದರೆ ರಸ್ತೆ ತೆರಿಗೆ ನಮ್ಮ ಸರ್ಕಾರದ್ದೇ. ಸ್ವಂತ ಬಳಕೆಯ ಕಾರಿಗೆ ಇಲ್ಲಿ ಬೆಲೆಗೆ ತಕ್ಕಂತೆ ಶೇ 13ರಿಂದ 18, ಅದರ ಮೇಲೆ ಸೆಸ್. ಉತ್ತರ ಪ್ರದೇಶ 2024ರ ಜುಲೈನಲ್ಲಿ ಸ್ಟ್ರಾಂಗ್ ಹೈಬ್ರಿಡ್‌ಗಳ ನೋಂದಣಿ ತೆರಿಗೆ ಮನ್ನಾ ಮಾಡಿತ್ತು. ಬಿಡದಿಯಲ್ಲೇ ಜೋಡಣೆಯಾದ 25 ಲಕ್ಷದ ಹೈಕ್ರಾಸ್ ಆಗ ಲಖನೌನಲ್ಲಿ ಆ ತೆರಿಗೆ ಇಲ್ಲದೆ ರಸ್ತೆಗಿಳಿಯಿತು. ಶೇ 18ರ ಲೆಕ್ಕದಲ್ಲಿ ಶಿವಮೊಗ್ಗದವರು ಅದಕ್ಕೆ ಕಟ್ಟಬೇಕಾದದ್ದು ಸೆಸ್ ಬಿಟ್ಟು ನಾಲ್ಕೂವರೆ ಲಕ್ಷ.