ಗುಜರಿ ತೂಕದ ಬೆಲೆಗೆ ಬಂದ ವೈಸ್

ನಮ್ಮನೆಗೆ ಕಾರ್ ಶೆಡ್ ಇದೆ, ಕಾರಿಲ್ಲ. ಬಾಡಿಗೆಗೆ ಬಂದ ದಿನವೇ ಓನರ್ ಆಂಟಿ ಹೇಳಿದ್ರು, "ಜಾಗ ಖಾಲಿ ಬಿಡ್ಬೇಡಿ, ಬೆಕ್ಕು ಮರಿ ಹಾಕುತ್ತೆ" ಅಂತ. ಆರು ತಿಂಗಳು ಅಲ್ಲಿ ನನ್ನ ಬೈಕು, ಖಾಲಿ ರಟ್ಟಿನ ಡಬ್ಬಗಳು ಮತ್ತು ಒಂದು ಬೆಕ್ಕು ಇದ್ದವು. ಆಮೇಲೊಂದು ದಿನ ಗೇಟಿನ ಚಿಲಕ ಮುರೀತು. ಒಂದು ಸಣ್ಣ ಕಬ್ಬಿಣದ ಪಟ್ಟಿ ಕತ್ತರಿಸಿ ಎರಡು ತೂತು ಕೊರೆದರೆ ಮುಗೀತು. ಮೂರು ಫ್ಯಾಬ್ರಿಕೇಷನ್ ಅಂಗಡಿ ಸುತ್ತಿದೆ. "ಇಷ್ಟು ಚಿಕ್ಕದಕ್ಕೆ ಯಾರ್ ಬರ್ತಾರೆ ಸಾರ್, ಹೊಸ ಗೇಟೇ ಮಾಡಿಸ್ಬಿಡಿ" ಅಂದ್ರು.

ನಾನು ಓದಿದ್ದು ಮೆಕ್ಯಾನಿಕಲ್, ಮಾಡೋದು ಸಾಫ್ಟ್‌ವೇರ್ ಟೆಸ್ಟಿಂಗ್. ಇದನ್ನ ಓದಿ ನಿಮ್ಮಲ್ಲಿ ಅರ್ಧ ಜನ ನಕ್ಕಿರ್ತೀರಿ, ಯಾಕಂದ್ರೆ ನಿಮ್ಮ ಕಥೆಯೂ ಇದೇ. ಕಾಲೇಜಿನ ವರ್ಕ್‌ಶಾಪಿನಲ್ಲಿ ಅರ (ಫೈಲು) ಉಜ್ಜಿ ಉಜ್ಜಿ ಅಂಗೈಯಲ್ಲಿ ಬೊಬ್ಬೆ ಬಂದಿದ್ದು ನೆನಪಾಯ್ತು. ಆ ಬೊಬ್ಬೆಗೆ ಅವತ್ತು ಬೈಕೊಂಡಿದ್ದೆ. ಈಗ ಒಂದು ಚಿಲಕ ಮಾಡಿಕೊಳ್ಳೋಕೂ ಬರಲ್ವಲ್ಲ ಅನ್ನೋದು ಯಾಕೋ ಚುಚ್ಚಿತು.

"ಶೆಡ್ಡಿನಲ್ಲಿ ಒಂದು ಬೆಂಚ್ ಹಾಕ್ಲಾ?" ಅಂದೆ. ಹೆಂಡತಿ ಮೊಬೈಲಿನಿಂದ ತಲೆ ಎತ್ತದೇ, "ಹತ್ತು ಸಾವಿರ. ಒಂದು ರೂಪಾಯಿ ಜಾಸ್ತಿ ಇಲ್ಲ" ಅಂದ್ಲು. ಹೊಸದು ತಗೊಂಡರೆ ಹತ್ತು ಸಾವಿರಕ್ಕೆ ಒಳ್ಳೆಯ ವೈಸು, ಗ್ರೈಂಡರು ಬರೋಷ್ಟರಲ್ಲಿ ಜೇಬು ಖಾಲಿ. ಹಾಗಾಗಿ ನನ್ನ ಭಾನುವಾರಗಳು ಹಳೇ ಸಾಮಾನಿನ ಹಿಂದೆ ಬಿದ್ದವು.

ಎಲ್ಲಿ ಹುಡುಕೋದು?

ಬೆಂಗಳೂರಿನಲ್ಲಿರೋರಿಗೆ ಈ ವಿಷಯದಲ್ಲಿ ಅದೃಷ್ಟ ಇದೆ. ಎಸ್.ಪಿ. ರೋಡ್ ಅಂದ್ರೆ ನಮಗೆ ಕಂಪ್ಯೂಟರ್ ಬಿಡಿಭಾಗ ನೆನಪಾಗುತ್ತೆ. ಅದೇ ಸುತ್ತಮುತ್ತಲ ಗಲ್ಲಿಗಳಲ್ಲಿ ಮೋಟರು, ಬೇರಿಂಗು, ಹಾರ್ಡ್‌ವೇರ್ ಅಂಗಡಿಗಳೂ ಇವೆ. ಚಿಕ್ಕಪೇಟೆ ಕಡೆಯ ಸಂಡೇ ಬಜಾರಿನಲ್ಲಿ ಫುಟ್‌ಪಾತ್ ಮೇಲೇ ಸ್ಪ್ಯಾನರ್, ಸುತ್ತಿಗೆ ಹರಡಿರ್ತಾರೆ. ಶಿವಾಜಿನಗರದ ಗುಜರಿ ಅಂಗಡಿಗಳೂ ಒಂದು ಸುತ್ತು ಹಾಕೋಕೆ ಯೋಗ್ಯ. ಆದರೆ ನಿಜವಾದ ನಿಧಿ ಇರೋದು ಪೀಣ್ಯದಲ್ಲಿ. ಅಲ್ಲಿ ಸಣ್ಣ ಜಾಬ್‌ವರ್ಕ್ ಶೆಡ್ಡುಗಳು ಮುಚ್ಚುವಾಗ, ಸ್ಥಳಾಂತರ ಆಗುವಾಗ ಸಾಮಾನು ಹೊರಗೆ ಬರುತ್ತೆ. ಗ್ರೀನ್ ಲೈನ್ ಮೆಟ್ರೊ ಹತ್ತಿದರೆ ಪೀಣ್ಯ ಇಂಡಸ್ಟ್ರಿ ಸ್ಟೇಷನ್ನಿನಲ್ಲೇ ಇಳಿಯಬಹುದು. ಬೇರೆ ಊರಿನವರು ನಿಮ್ಮೂರಿನ ಇಂಡಸ್ಟ್ರಿಯಲ್ ಎಸ್ಟೇಟ್ ಪಕ್ಕದ ಟೀ ಅಂಗಡಿಯಲ್ಲಿ ವಿಚಾರಿಸಿ. ಯಾರು ಶೆಡ್ ಖಾಲಿ ಮಾಡ್ತಿದ್ದಾರೆ ಅನ್ನೋದು ಆ್ಯಪಿಗಿಂತ ಮೊದಲು ಅಲ್ಲಿ ಗೊತ್ತಾಗುತ್ತೆ.

ಹೋಗುವ ಮುಂಚೆ ಆ ದಿನದ ಗುಜರಿ ಕಬ್ಬಿಣದ ಕೆಜಿ ರೇಟು ಕೇಳಿಕೊಂಡು ಹೋಗಿ. ಗುಜರಿಯವರು ಬಹಳಷ್ಟು ಸಲ ಟೂಲನ್ನೂ ತೂಕಕ್ಕೇ ಕೊಂಡಿರ್ತಾರೆ. ನಾಲ್ಕಿಂಚಿನ ಬೆಂಚ್ ವೈಸ್ ಸುಮಾರು ಎಂಟು-ಹತ್ತು ಕೆಜಿ ತೂಗುತ್ತೆ. ರೇಟಿನಿಂದ ಗುಣಿಸಿದರೆ ಕೆಳಗಿನ ಮಿತಿ ಗೊತ್ತಾಯ್ತು. ಚೌಕಾಸಿ ಅಲ್ಲಿಂದ ಮೇಲೆ. ಮತ್ತೆ ಯಾರ ಹತ್ತಿರ ಕೊಂಡರೂ ಒಂದು ಚೀಟಿ, ಫೋನ್ ನಂಬರ್ ಇಸ್ಕೊಳ್ಳಿ. ಕದ್ದ ಮಾಲು ಅಂತ ಗೊತ್ತಿದ್ದೂ ಕೊಳ್ಳೋದು ಅಪರಾಧ. ಬೆಲೆ ನಂಬಲಾರದಷ್ಟು ಕಡಿಮೆ ಇದ್ದರೆ ಕೈ ಹಾಕ್ಬೇಡಿ.

ಜೇಬಲ್ಲೊಂದು ಬೇರಿಂಗ್

ನನ್ನ ಜೇಬಿನಲ್ಲಿ ಈಗ ಯಾವಾಗಲೂ ಒಂದು ಹೊಸ 6202 ಬೇರಿಂಗ್ ಇರುತ್ತೆ. ಹುಚ್ಚು ಅನ್ಕೋಬೇಡಿ. ಅದರ ಹೊರವ್ಯಾಸ 35 ಮಿ.ಮೀ., ಒಳವ್ಯಾಸ 15, ಅಗಲ 11. ಹಳೇ ವರ್ನಿಯರ್ ಕೈಗೆ ಸಿಕ್ಕಿದಾಗ ಮೊದಲು ದವಡೆ ಮುಚ್ಚಿ ಬೆಳಕಿಗೆ ಹಿಡೀರಿ. ಸಂದಿಯಲ್ಲಿ ಬೆಳಕು ಕಂಡರೆ ದವಡೆ ಸವೆದಿದೆ. ಸೊನ್ನೆಗೆ ಸೊನ್ನೆ ಕೂಡುತ್ತಾ ನೋಡಿ. ಆಮೇಲೆ ಬೇರಿಂಗಿನ ಮೂರೂ ಅಳತೆ ತೆಗೀರಿ. ಮೂರೂ ಸರಿ ಬಂದರೆ ಮನೆ ಕೆಲಸಕ್ಕೆ ಧಾರಾಳ ಸಾಕು. ಮೇಲೆ ಯಾವ ಬ್ರ್ಯಾಂಡಿನ ಹೆಸರಿದೆ ಅನ್ನೋದಕ್ಕಿಂತ ಈ ಪರೀಕ್ಷೆ ಮುಖ್ಯ.

ಮೂಲೆಮಟ್ಟಕ್ಕೆ (ಟ್ರೈ ಸ್ಕ್ವೇರ್) ಬೇರಿಂಗೂ ಬೇಡ. ನೇರ ಅಂಚಿರುವ ಹಲಗೆಗೆ ಒತ್ತಿ ಒಂದು ಗೆರೆ ಎಳೀರಿ. ಮೂಲೆಮಟ್ಟವನ್ನ ತಿರುಗಿಸಿಟ್ಟು ಅದೇ ಜಾಗದಲ್ಲಿ ಇನ್ನೊಂದು ಗೆರೆ ಎಳೀರಿ. ಎರಡೂ ಒಂದಾದರೆ ತೊಂಬತ್ತು ಡಿಗ್ರಿ ಇದೆ. ಬೇರೆಯಾದರೆ ವಾಪಸ್ ಕೊಡಿ.

ವೈಸ್ ನೋಡುವಾಗ ಬಣ್ಣ ನೋಡಬೇಡಿ. ಬಿರುಕು ಹುಡುಕಿ. ಬೀಡು ಕಬ್ಬಿಣದ ವೈಸ್ ಒಮ್ಮೆ ಒಡೆದು ವೆಲ್ಡಿಂಗ್ ಹಾಕಿಸಿಕೊಂಡಿದ್ದರೆ ಅದನ್ನ ಬಿಟ್ಟುಬಿಡೋದೇ ಒಳ್ಳೇದು. ಹಿಡಿ ತಿರುಗಿಸಿ, ಎಷ್ಟು ಸುತ್ತು ಖಾಲಿ ಹೋದ ಮೇಲೆ ದವಡೆ ಅಲುಗುತ್ತೆ ಅಂತ ಗಮನಿಸಿ. ಖಾಲಿ ಸುತ್ತು ಜಾಸ್ತಿ ಇದ್ದರೆ ಒಳಗಿನ ಸ್ಕ್ರೂ-ನಟ್ಟು ಸವೆದಿವೆ. ದವಡೆಯ ಹಲ್ಲಿನ ತಗಡು ಸವೆದಿದ್ದರೆ ಚಿಂತೆಯಿಲ್ಲ, ಅದನ್ನ ಬದಲಾಯಿಸಬಹುದು.

ತುಕ್ಕು ಕಂಡು ಓಡಬೇಡಿ. ಮೇಲುಮೇಲಿನ ತುಕ್ಕಾದರೆ ವಿನೆಗರ್‌ನಲ್ಲಿ ಒಂದು ರಾತ್ರಿ ನೆನೆಸಿ, ಬ್ರಶ್ಶಿನಲ್ಲಿ ಉಜ್ಜಿ, ಅಡುಗೆ ಸೋಡಾ ನೀರಲ್ಲಿ ತೊಳೆದು, ತಕ್ಷಣ ಒರೆಸಿ ಎಣ್ಣೆ ಹಚ್ಚಿದರೆ ಹೋಗುತ್ತೆ. ತುಕ್ಕು ಗುಳಿ ಬೀಳಿಸಿದ್ದರೆ ಮಾತು ಬೇರೆ. ಸುತ್ತಿಗೆಗೆ ಗುಳಿ ಬಿದ್ದರೆ ನಡೆಯುತ್ತೆ, ವರ್ನಿಯರ್ ದವಡೆಗೆ ನಡೆಯಲ್ಲ.

ನಾನು ಮೋಸ ಹೋದದ್ದು

ಬೆಂಚ್ ಗ್ರೈಂಡರ್ ಕೊಂಡ ಗುಜರಿ ಅಂಗಡಿಯಲ್ಲಿ ಕರೆಂಟ್ ಇರಲಿಲ್ಲ. "ಕಂಡೀಷನ್ನಲ್ಲಿದೆ ಸಾರ್" ಅಂದ ಮಾತು ನಂಬಿ 1,200 ಎಣಿಸಿದೆ. ಮನೆಗೆ ತಂದು ಹಾಕಿದರೆ ಗುಂಯ್ ಅನ್ನುತ್ತೆ, ತಿರುಗಲ್ಲ. ಸಿಂಗಲ್ ಫೇಸ್ ಮೋಟರು ಹಾಗೆ ಮಾಡಿದರೆ ಬಹಳ ಸಲ ಕೆಪಾಸಿಟರ್ ಹೋಗಿರುತ್ತೆ. ನನ್ನದೂ ಅದೇ ಆಗಿತ್ತು, ಬದಲಾಯಿಸಿದೆ, ತಿರುಗಿತು.

ಆದರೆ ದೊಡ್ಡ ತಪ್ಪು ಬೇರೆ ಇತ್ತು. ಆ ಹಳೇ ಕಲ್ಲನ್ನ ಪರೀಕ್ಷೆ ಮಾಡದೇ ಸ್ವಿಚ್ ಹಾಕಿದ್ದೆ. ಆಮೇಲೆ ಕಲ್ಲು ಬಿಚ್ಚಿ, ರಂಧ್ರಕ್ಕೆ ಬೆರಳು ತೂರಿಸಿ ನೇತುಹಾಕಿ, ಮರದ ಹಿಡಿಯಿಂದ ಮೆಲ್ಲಗೆ ತಟ್ಟಿದೆ. ಒಳ್ಳೇ ಕಲ್ಲು ಗಂಟೆಯ ಹಾಗೆ ಠಣ್ ಅನ್ನಬೇಕು. ನನ್ನದು ಒಡಕು ಮಡಕೆಯ ಹಾಗೆ ಟಪ್ ಅಂತು. ಬಿರುಕು ಬಿಟ್ಟ ಕಲ್ಲು ನಿಮಿಷಕ್ಕೆ ಎರಡೂವರೆ ಸಾವಿರಕ್ಕೂ ಹೆಚ್ಚು ಸುತ್ತು ತಿರುಗುವಾಗ ಸಿಡಿದರೆ ಏನಾಗುತ್ತೆ ಅಂತ ಯೋಚಿಸಿ ಕೂತಲ್ಲೇ ಬೆವೆತೆ. ಒಳಗೆ ಹೆಂಡತಿ ಕಾಫಿ ಮಾಡ್ತಿದ್ಲು. ಅವಳಿಗೆ ಆ ಸಂಗತಿ ಹೇಳಿದ್ದು ಒಂದು ವಾರ ಆದ ಮೇಲೆ.

ಹಾಗಾಗಿ ನನ್ನ ಪಟ್ಟಿ ಹೀಗಿದೆ: ಗ್ರೈಂಡಿಂಗ್ ಕಲ್ಲು, ಕರೆಂಟ್ ವೈರು, ಹ್ಯಾಕ್ಸಾ ಬ್ಲೇಡು, ಕಣ್ಣಿನ ಕನ್ನಡಕ ಇವನ್ನ ಯಾವತ್ತೂ ಹೊಸದೇ ತಗೊಳ್ಳಿ. ಕಲ್ಲಿನ ಮೇಲೆ ಬರೆದ ಗರಿಷ್ಠ ವೇಗ ನಿಮ್ಮ ಗ್ರೈಂಡರಿನ ವೇಗಕ್ಕಿಂತ ಹೆಚ್ಚಿರಲಿ. ಕಲ್ಲಿಗೂ ಕೈ ಊರುವ ರೆಸ್ಟಿಗೂ ನಡುವೆ 3 ಮಿ.ಮೀ.ಗಿಂತ ಹೆಚ್ಚು ಸಂದಿ ಬೇಡ. ಗಾರ್ಡ್ ಇಲ್ಲದ ಗ್ರೈಂಡರ್ ಪುಕ್ಕಟೆ ಕೊಟ್ಟರೂ ಬೇಡ.

ಲೇತ್ ಎಂಬ ಮಾಯೆ

ಈ ದಾರಿಗೆ ಬಂದವರಿಗೆಲ್ಲ ಒಂದು ದಿನ ಲೇತ್ ಕಣ್ಣಿಗೆ ಬೀಳುತ್ತೆ. ನನಗೂ ಬಿತ್ತು, ಹಳೇ ಎಚ್‌ಎಂಟಿ. ಎಚ್‌ಎಂಟಿ ಅಂದ್ರೆ ಅಜ್ಜನ ಕೈಗಡಿಯಾರ ಅಂತ ನಾವು ಅನ್ಕೊಂಡಿರ್ತೀವಿ. ಹೆಸರನ್ನ ಬಿಡಿಸಿದರೆ ಹಿಂದೂಸ್ತಾನ್ ಮಷೀನ್ ಟೂಲ್ಸ್. 1953ರಲ್ಲಿ ಬೆಂಗಳೂರಿನಲ್ಲಿ ಶುರುವಾದಾಗ ಅದು ಮಾಡ್ತಿದ್ದದ್ದು ಲೇತ್ ಯಂತ್ರ. ಗಡಿಯಾರ ಬಂದಿದ್ದು 1961ರಲ್ಲಿ. ಅದಕ್ಕೂ ಮುಂಚೆ, 1941ರಲ್ಲೇ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾಗಿತ್ತು. ಅಲ್ಲೂ ಲೇತ್ ಆಗ್ತಿತ್ತು. ನಮ್ಮ ರಾಜ್ಯದ ಎಷ್ಟೋ ಕಾಲೇಜು ವರ್ಕ್‌ಶಾಪುಗಳಲ್ಲಿ ಈ ಎರಡು ಹೆಸರು ಇವತ್ತಿಗೂ ಕಾಣುತ್ತೆ.

ಆ ಲೇತ್ ನೋಡಿ ಎದೆ ಹೊಡ್ಕೊಂತು. ಆದರೆ ತೂಕ ಒಂದು ಟನ್ ಮೇಲೆ, ಮೋಟರು ತ್ರೀ ಫೇಸ್. ಮನೆಗೆ ಬಂದಿರೋದು ಸಿಂಗಲ್ ಫೇಸ್. ಸಣ್ಣ ಮೋಟರಿಗೆ ವಿಎಫ್‌ಡಿ ಹಾಕಿ ಓಡಿಸಬಹುದು, ಅದರ ಖರ್ಚು ಬೇರೆ. ಇನ್ನೊಂದು ಪರೀಕ್ಷೆಯೂ ಇದೆ. ಲೇತಿನ ಹಾಸು ಹೆಚ್ಚು ಸವೆಯೋದು ಚಕ್ಕಿನ ಹತ್ತಿರ, ಯಾಕಂದ್ರೆ ಕೆಲಸ ನಡೆಯೋದು ಅಲ್ಲೇ. ಕ್ಯಾರಿಯೇಜನ್ನ ಅಲ್ಲಿ ಬಿಗಿಯಾಗಿ ಹೊಂದಿಸಿ ಇನ್ನೊಂದು ತುದಿಗೆ ತಳ್ಳಿ. ಅಲ್ಲಿ ಹೋಗಿ ಕಚ್ಚಿಕೊಂಡರೆ ಹಾಸು ಸವೆದಿದೆ. ಇದು ಕಚ್ಚಿಕೊಂಡಿತು. ನಾನು ಒಂದು ಸೆಲ್ಫಿ ತಗೊಂಡು ಬಂದೆ.

ಚೌಕಾಸಿಯ ಮಾತು

ಈಗ ನಾನು ನಿಜವಾಗಿ ಹೇಳಬೇಕಿದ್ದ ವಿಷಯ.

ನನ್ನ ವೈಸ್ ಸಿಕ್ಕಿದ್ದು ಪೀಣ್ಯದ ಒಂದು ಸಣ್ಣ ಶೆಡ್ಡಿನಲ್ಲಿ. ಅರವತ್ತು ದಾಟಿದ ಯಜಮಾನರು, ಒಬ್ಬರೇ. ದೊಡ್ಡ ಯಂತ್ರಗಳು ಆಗಲೇ ಹೋಗಿದ್ದವು, ನೆಲದ ಮೇಲೆ ಅವುಗಳ ಎಣ್ಣೆ ಕಲೆ ಮಾತ್ರ ಉಳಿದಿತ್ತು. ವೈಸಿಗೆ 1,800 ಅಂದ್ರು. ನಾನು ತಯಾರಾಗಿ ಹೋಗಿದ್ದೆನಲ್ಲ, ಗುಜರಿ ರೇಟು ಹೇಳಿದೆ, ತೂಕ ಹೇಳಿದೆ, ದವಡೆ ಸವೆದಿದೆ ಅಂದೆ. ಅವರು ಜಾಸ್ತಿ ವಾದ ಮಾಡಲಿಲ್ಲ. "ನೀವು ಹೇಳೋದೂ ಸರೀನೇ" ಅಂದ್ರು. 1,100ಕ್ಕೆ ಮುಗೀತು. ಬರೋವಾಗ ಗೆದ್ದ ಖುಷಿ. ದಾರಿಯಲ್ಲೇ ಹೆಂಡತಿಗೆ ಫೋಟೊ ಕಳಿಸಿದೆ.

ಮನೆಯಲ್ಲಿ ಹಳೇ ಬಣ್ಣ ಕೆರೆಯುವಾಗ ವೈಸಿನ ಬೆನ್ನ ಮೇಲೆ ಏನೋ ತಡವಿತು. ಪಂಚ್‌ನಲ್ಲಿ ಹೊಡೆದ ಎರಡು ಅಕ್ಷರ, ಕೆಳಗೆ 1989. ಅವರ ಹೆಸರಿನ ಮೊದಲಕ್ಷರಗಳು. ಪಕ್ಕದ ಸಂದಿಯಲ್ಲಿ ಬಣ್ಣದ ಪದರಗಳ ನಡುವೆ ಕುಂಕುಮ ಗಟ್ಟಿಯಾಗಿ ಅಂಟಿಕೊಂಡಿತ್ತು. ಎಷ್ಟು ಆಯುಧಪೂಜೆಯದೋ. ನಾನು ಹುಟ್ಟೋ ಮುಂಚಿನಿಂದ ಒಂದು ಮನೆಗೆ ಅನ್ನ ಹಾಕಿದ ವಸ್ತುವಿಗೆ ನಾನು ಕೆಜಿ ಲೆಕ್ಕ ಹೇಳಿ ಬಂದಿದ್ದೆ.

ಎರಡು ದಿನ ಒದ್ದಾಡಿ, ಉಳಿಸಿದ 700 ರೂಪಾಯಿಯನ್ನ ಅವರ ನಂಬರಿಗೆ ಯುಪಿಐ ಮಾಡಿದೆ. ಹತ್ತು ನಿಮಿಷದಲ್ಲಿ ಅಷ್ಟೂ ದುಡ್ಡು ವಾಪಸ್ ಬಂತು. ಹಿಂದೆಯೇ ಫೋನ್.

"ವ್ಯಾಪಾರ ಅವತ್ತೇ ಮುಗೀತಲ್ಲ ಸಾರ್, ಇದೇನಿದು?"

ನಾನು ಏನೋ ತೊದಲಿದೆ. ಅವರು ಅದನ್ನ ಕೇಳಿಸಿಕೊಂಡ ಹಾಗೇ ಇರಲಿಲ್ಲ. "ಅದಿರ್ಲಿ. ಸ್ಕ್ರೂಗೆ ಗ್ರೀಸ್ ಹಾಕಿದ್ರಾ?"

ಹಾಕಿರಲಿಲ್ಲ.

"ಹಾಕಿ. ಮುಂದಿನ ದವಡೆ ಪೂರ್ತಿ ಎಳೆದು ಹೊರಗೆ ತೆಗೀರಿ, ಒಳಗಿನ ಹಳೇದು ಒರೆಸಿ, ಆಮೇಲೆ ಹಾಕಿ. ಹಿಡಿಗೆ ಪೈಪ್ ತೂರ್ಸಿ ಬಿಗೀಬೇಡಿ, ಸುತ್ತಿಗೇಲಿ ಅಂತೂ ಹೊಡೀಲೇಬೇಡಿ. ಕೈ ಬಲ ಎಷ್ಟಿದೆಯೋ ಅಷ್ಟೇ ಸಾಕು ಅದಕ್ಕೆ." ಆಮೇಲೆ ಅರ ಹಿಡಿಯೋದು, ತಳ್ಳುವಾಗ ಮಾತ್ರ ಒತ್ತೋದು, ಹಲ್ಲಿಗೆ ಪುಡಿ ಕಚ್ಚದ ಹಾಗೆ ಸೀಮೆಸುಣ್ಣ ಉಜ್ಜೋದು, ತೆಳು ತಗಡು ಕೊಯ್ಯುವಾಗ ಬ್ಲೇಡಿನ ಕನಿಷ್ಠ ಮೂರು ಹಲ್ಲು ತಗಡಿನ ಮೇಲಿರೋ ಹಾಗೆ ನೋಡ್ಕೊಳ್ಳೋದು, ಎಲ್ಲ ಹೇಳಿದ್ರು. ಇಪ್ಪತ್ತೆರಡು ನಿಮಿಷ. ಅವತ್ತು ಶೆಡ್ಡಿನಲ್ಲಿ ನಾನು ಬೆಲೆ ಬಿಟ್ಟು ಬೇರೆ ಒಂದೇ ಒಂದು ಪ್ರಶ್ನೆ ಕೇಳಿದ್ದರೂ ಇವನ್ನೆಲ್ಲ ಕಣ್ಣಾರೆ ನೋಡಿ ಕಲೀಬಹುದಿತ್ತು.

ಹಾಗಾಗಿ ನನ್ನ ಕೊನೆಯ ಸಲಹೆ ಇದು. ಗುಜರಿಯವರ ಹತ್ತಿರ ಧಾರಾಳವಾಗಿ ಚೌಕಾಸಿ ಮಾಡಿ, ಅವರೂ ಅದಕ್ಕೆ ರೆಡಿ ಇರ್ತಾರೆ. ಆದರೆ ಟೂಲ್ ಬಳಸಿದವರೇ ಮಾರ್ತಿದ್ದರೆ ನ್ಯಾಯದ ಬೆಲೆ ಕೊಟ್ಟುಬಿಡಿ. ಉಳಿದ ಸಮಯದಲ್ಲಿ "ಇದನ್ನ ಹೇಗೆ ಬಳಸ್ತಿದ್ರಿ?" ಅಂತ ಕೇಳಿ. ಮೂವತ್ತು ವರ್ಷದ ಕೈಕೆಲಸ ಇನ್ನೆಲ್ಲೂ ಸೆಕೆಂಡ್ ಹ್ಯಾಂಡ್ ಸಿಗಲ್ಲ.

ಲೆಕ್ಕ ಕೇಳೋರಿಗೆ: ವೈಸ್ 1,100. ಗ್ರೈಂಡರ್, ಕೆಪಾಸಿಟರ್, ಹೊಸ ಕಲ್ಲು ಸೇರಿ 1,850. ಅರ, ಸುತ್ತಿಗೆ, ಹ್ಯಾಕ್ಸಾ ಫ್ರೇಮ್ 600. ವರ್ನಿಯರ್ 500. ಹೊಸ ಕೈ ಡ್ರಿಲ್ 2,400. ಡ್ರಿಲ್ ಬಿಟ್, ಟ್ಯಾಪ್ 700. ಕನ್ನಡಕ, ಬ್ಲೇಡು, ಎಣ್ಣೆ 800. ಒಟ್ಟು 7,950. ಬೆಂಚಿಗೆ ಓನರ್ ಆಂಟಿಯ ಹಳೇ ಬಾಗಿಲು.

ಚಿಲಕ ಆಯ್ತು. ಸ್ವಲ್ಪ ಓರೆ ಇದೆ, ಹಾಕುವಾಗ ಕಿರ್ ಅನ್ನುತ್ತೆ. ಫೋಟೊ ಕಳಿಸಿದೆ. "ಎರಡನೇ ತೂತಿಗೆ ಮುಂಚೆ ಪಂಚ್ ಹೊಡೆದಿಲ್ಲ ನೀವು" ಅಂತ ಉತ್ತರ ಬಂತು. ಹೊಡೆದಿರಲಿಲ್ಲ. ಬರುವ ಭಾನುವಾರ ಬಿಚ್ಚಿ ಮತ್ತೆ ಮಾಡ್ತೀನಿ.